ಹುರುಳಿಯ ಮೇಲೆ ಬಂದ ತೊರಕೆ

ನನ್ನ ಲಾರಿಯ ಹಿಂಬದಿಯಲ್ಲಿ ‘ನಿಧಾನವೇ ಪ್ರಧಾನ’ ಎಂದು ಬರೆಸಿದ್ದೇನೆ. ಅದು ಹಿಂದೆ ಬರುವವರಿಗೆ ಹೇಳಿದ ಮಾತು, ನನಗಲ್ಲ. ಪಿರಿಯಾಪಟ್ಟಣದಲ್ಲಿ ಶುಂಠಿ ತುಂಬಿಕೊಂಡು ಹೊರಟರೆ ಹುಣಸೂರು ದಾಟುವವರೆಗೂ ನನ್ನ ಕೈ ಹಾರ್ನಿನ ಮೇಲೇ ಇರುತ್ತದೆ. ಇವನಿಗೆ ಕೋಪ ಮೂಗಿನ ತುದಿಯಲ್ಲಿದೆ, ಕಾಲು ಆಕ್ಸಿಲರೇಟರ್ ಮೇಲಿದೆ, ಬುದ್ಧಿ ಎಲ್ಲಿದೆಯೋ ಇನ್ನೂ ಹುಡುಕುತ್ತಿದ್ದೇನೆ ಎನ್ನುತ್ತಾಳೆ ನನ್ನ ಹೆಂಡತಿ.

ಅಂಥವನನ್ನು ಮಂಗಳೂರಿನಿಂದ ಒಂದು ಮೀನು ತರಲು ಕರೆದರು. ಮೈಸೂರಿನ ಹತ್ತಿರ ಹೊಸದಾಗಿ ಮತ್ಸ್ಯಾಲಯ ಕಟ್ಟಿದ್ದರು, ಅದಕ್ಕೆ. ‘ಐಸ್ ಹಾಕಿ ತರೋದು ತಾನೇ?’ ಎಂದೆ. ಜೀವಂತ ತರಬೇಕು ಎಂದರು. ನನಗೆ ನಗು ಬಂತು. ಚುಂಚನಕಟ್ಟೆಯ ಮೀನನ್ನು ಸಾರಿಗೆ ಹಾಕಿ ಉಂಡವನು ನಾನು, ಒಂದು ಮೀನಿಗೆ ಇಷ್ಟು ಮೆರವಣಿಗೆಯೇ ಎನಿಸಿತು.

ಮಂಗಳೂರಿಗೆ ಹೋಗಿ ಅದನ್ನು ನೋಡಿದ ಮೇಲೆ ನಗು ನಿಂತಿತು. ಅದು ತೊರಕೆ, ಸಮುದ್ರದ ಮೀನು. ಹಗ್ಗದ ಮಂಚದಷ್ಟು ಅಗಲ, ರೆಕ್ಕೆಯ ಹಾಗೆ ಎರಡು ಬದಿಗೂ ಹರಡಿದ ಚಪ್ಪಟೆ ಮೈ, ಉದ್ದ ಬಾಲ. ಮೀನುಗಾರರ ಬಲೆಗೆ ಸಿಕ್ಕಿ ಗಾಯಗೊಂಡಿದ್ದನ್ನು ಸಾಕಿ ಉಳಿಸಿದ್ದರಂತೆ. ನಾಲ್ಕಾರು ಜನ ಜೋಲಿಯಲ್ಲಿ ಎತ್ತಿ, ನನ್ನ ಲಾರಿಯ ಮೇಲಿನ ದುಂಡನೆಯ ತೊಟ್ಟಿಗೆ ಇಳಿಸುವಾಗ ಅದರ ಹೊಟ್ಟೆಯ ಭಾಗ ಕಾಣಿಸಿತು. ಬೆಳ್ಳಗೆ, ನಗುವ ಮಗುವಿನ ಮುಖದ ಹಾಗೆ! ಅಷ್ಟು ಹೊತ್ತಿಗೆ ಅದು ನನಗೆ ‘ಅದು’ ಆಗಿ ಉಳಿಯದೆ ‘ಅವನು’ ಆಗಿಬಿಟ್ಟಿದ್ದ.

ಅವನ ಜೊತೆಗೆ ಒಬ್ಬ ಡಾಕ್ಟರಮ್ಮ. ಕರಾವಳಿಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಟಾರ್ಪಾಲಿನ ಕೆಳಗೆ, ತೊಟ್ಟಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ನೀರಿಗೆ ಆಕ್ಸಿಜನ್ ಬಿಡುವ ಕೊಳವೆ ನೋಡಿಕೊಳ್ಳುವುದು, ಮೀನು ಸರಿಯಾಗಿ ಉಸಿರಾಡುತ್ತಿದೆಯೇ ನೋಡುವುದು ಅವರ ಕೆಲಸ. ಅವರ ಫೋನಿಗೂ ನನ್ನ ಫೋನಿಗೂ ಕರೆ ಸೇರಿಸಿ ಸ್ಪೀಕರ್ ಹಾಕಿಟ್ಟೆವು.

‘ಡ್ರೈವರಣ್ಣ, ಕುಲುಕಬಾರದು ಮಾರಾಯ್ರೆ. ಕುಲುಕಿದ್ರೆ ನೀರಿನ ಜೊತೆ ಅವನೂ ಹೋಗಿ ಗೋಡೆಗೆ ಬಡೀತಾನೆ,’ ಎಂದರು.

ಘಾಟಿಯಲ್ಲಿ ತುಂಬಿದ ಕೊಡ ಹೊತ್ತವಳಂತೆ ಬಂದೆ. ಬೈಲಕುಪ್ಪೆಯಲ್ಲಿ ಒಂದೇ ಸ್ಕೂಟರಿನಲ್ಲಿದ್ದ ಇಬ್ಬರು ಲಾಮಾಗಳು ನನ್ನನ್ನು ಹಿಂದೆ ಹಾಕಿ, ಕೈ ಬೀಸಿ ಹೋದರು. ನನ್ನ ಸರ್ವಿಸಿನಲ್ಲಿ ಇಂಥ ಅವಮಾನ ಆಗಿರಲಿಲ್ಲ. ಆದರೂ ಸಹಿಸಿಕೊಂಡೆ.

ಪಿರಿಯಾಪಟ್ಟಣ ದಾಟಿದ ಮೇಲೆ ರಸ್ತೆ ಅಗೆದಿದ್ದರು. ಕಂಪಲಾಪುರದ ಕಡೆ ಹಳ್ಳಿ ದಾರಿಗೆ ತಿರುಗಿಸಿದರು. ಆ ದಾರಿ ನನಗೆ ಅಂಗೈ ಗೆರೆಯಷ್ಟು ಗೊತ್ತು. ಅಲ್ಲಿ ಪ್ರತಿ ಕೇರಿಯವರೂ ತಮ್ಮ ಮಕ್ಕಳು, ತಮ್ಮ ಕುರಿ, ತಮ್ಮ ಕೋಳಿಗಳ ರಕ್ಷಣೆಗೆ ತಾವೇ ಹಂಪ್ ಹಾಕಿಕೊಂಡಿದ್ದಾರೆ. ಹಂಪ್ ಎಂದರೆ ಹಂಪಲ್ಲ, ಗದ್ದೆಯ ಬದು!

ಮೊದಲನೆಯದನ್ನು ಎಷ್ಟು ಮೆಲ್ಲಗೆ ಹತ್ತಿಸಿದರೂ ಇಳಿಯುವಾಗ ಲಾರಿ ದಡಕ್ಕೆಂದಿತು. ಹಿಂದೆ ನೀರು ಚೆಲ್ಲಿದ ಸದ್ದು. ‘ಅಯ್ಯೋ!’ ಎಂದರು ಡಾಕ್ಟರಮ್ಮ. ಎರಡನೆಯದರಲ್ಲಿ ಏನೋ ಮೆತ್ತಗಿನದು ಗೋಡೆಗೆ ಬಡಿದ ಸದ್ದು ನನಗೇ ಕೇಳಿಸಿತು.

‘ಮೂತಿಯಲ್ಲಿ ರಕ್ತ ಬರ್ತಾ ಉಂಟು,’ ಎಂದರು ಡಾಕ್ಟರಮ್ಮ. ‘ಉಸಿರೂ ನಿಧಾನ ಆಯ್ತು. ಇನ್ನು ಹೀಗೇ ಬಡಿದ್ರೆ ಉಳಿಯುವುದಿಲ್ಲ ಅಣ್ಣ.’

ಮುಂದೆ ಊರು ಮುಗಿಯುವವರೆಗೂ ಹಂಪ್‌ಗಳಿದ್ದವು. ತಿರುಗಿಸಿಕೊಳ್ಳಲು ಜಾಗವಿಲ್ಲ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ಬೈದುಕೊಳ್ಳುತ್ತಾ, ಗಮನವೆಲ್ಲ ಫೋನಿನ ಕಡೆಗೇ ಇಟ್ಟು ಮೂರನೆಯದಕ್ಕೆ ಲಾರಿ ಹತ್ತಿಸಿದೆ. ಆದರೆ ಹತ್ತಿದ್ದೂ ಗೊತ್ತಾಗಲಿಲ್ಲ, ಇಳಿದದ್ದೂ ಗೊತ್ತಾಗಲಿಲ್ಲ.

‘ಈಗೇನಾಯ್ತು? ಹಂಪ್ ತೆಗೆದಿದ್ದಾರಾ?’ ಎಂದು ಡಾಕ್ಟರಮ್ಮ ಕೇಳಿದರು. ‘ನೀರು ಅಲ್ಲಾಡಲೇ ಇಲ್ಲ.’

ಕಿಟಕಿಯಿಂದ ಬಗ್ಗಿ ನೋಡಿದೆ. ಹಂಪ್ ಇತ್ತು. ಅದರ ಮೇಲೂ ಹಿಂದೆ ಮುಂದೆಯೂ ಮೊಣಕಾಲೆತ್ತರ ಹುರುಳಿ ಗಿಡ ಹರಡಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಕಿತ್ತ ಹುರುಳಿಯನ್ನು ರಸ್ತೆಗೆ ಹಾಸಿಬಿಟ್ಟರೆ ಹೋಗಿ ಬರುವ ಗಾಡಿಗಳೇ ತುಳಿದು ಒಕ್ಕಿ ಕೊಡುತ್ತವೆ.

ಹುರುಳಿ ಕಂಡ ಮೇಲೆ ಅದರ ಯಜಮಾನಿ ಮುದುಕಿಯೂ ಕಂಡಳು. ಹುರುಳಿ ತಿರುವಿ ಹಾಕುವ ಕವೆಗೋಲು ಹಿಡಿದು, ಸೆರಗು ಸಿಕ್ಕಿಸಿಕೊಂಡು ಎದುರಿಗೇ ನಿಂತಿದ್ದಳು. ಅವಳಿಗೂ ನನಗೂ ವರ್ಷ ವರ್ಷದ ಜಗಳ. ನಾನು ಜೋರಾಗಿ ಹೋದರೆ ಕಾಳು ಚರಂಡಿಗೆ ಸಿಡಿಯುತ್ತದೆ ಎಂದು ಅವಳು, ಸೊಪ್ಪು ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ ಎಂದು ನಾನು. ‘ರಸ್ತೆ ಏನು ನಿಮ್ಮಪ್ಪಂದಾ?’ ಎಂದು ಹಿಂದಿನ ಸುಗ್ಗಿಯಲ್ಲಿ ಕೂಗಿದ್ದಕ್ಕೆ, ‘ನಿಮ್ಮಪ್ಪಂದಾದ್ರೆ ಮಡಚ್ಕೊಂಡ್ ಓಗ್ಲಾ!’ ಎಂದು ಇಡೀ ಕೇರಿಯನ್ನು ನಗಿಸಿದ್ದಳು.

ಈಗ ಲಾರಿ ನಿಲ್ಲಿಸಿ ಇಳಿದೆ. ಜಗಳಕ್ಕೇ ಬಂದೆ ಎಂದುಕೊಂಡು ಅವಳು ಕವೆಗೋಲನ್ನು ಗಟ್ಟಿಯಾಗಿ ಹಿಡಿದಳು.

‘ಅವ್ವಾ,’ ಎಂದೆ. ಅವಳಿಗೆ ಆ ಮಾತು ಕೇಳಿಯೇ ಅನುಮಾನ ಬಂತು. ‘ಒಂದು ಉಪಕಾರ ಆಗಬೇಕು. ಒಳಗೊಂದು ಜೀವ ಸಾಯ್ತಾ ಅದೆ.’

‘ಯಾರ್‍ಲಾ? ಬಾಣಂತಿನಾ?’

‘ಮೀನು.’

ನನ್ನ ಮುಖವನ್ನೇ ನೋಡಿದಳು, ಕುಡಿದಿದ್ದಾನೋ ಏನೋ ಎನ್ನುವ ಹಾಗೆ. ಮಾತು ಬೇಡವೆಂದು ಕೈ ಹಿಡಿದು ಲಾರಿ ಹತ್ತಿಸಿ ತೋರಿಸಿದೆ. ತೊಟ್ಟಿಯ ತಳದಲ್ಲಿ ಅವನು ಮುದುಡಿ ಬಿದ್ದಿದ್ದ. ಮುದುಕಿ ತೊಟ್ಟಿಯ ಅಂಚು ಹಿಡಿದು ಬಗ್ಗಿದಳು. ಅಷ್ಟರಲ್ಲಿ ಅವಳ ಸೊಸೆ ಬಿಂದಿಗೆ ತುಂಬ ನೀರು ಲಾರಿಯ ಮೇಲಕ್ಕೇ ತಂದಿದ್ದಳು. ಮನೆ ಮುಂದೆ ಯಾರು ಬಂದು ನಿಂತರೂ ನಮ್ಮವರು ಮೊದಲು ನೀರು ಕೊಡಬೇಕಲ್ಲ, ಪಾಪ, ಮೀನಿಗೂ ತಂದಿದ್ದಾಳೆ! ತೊಟ್ಟಿಗೆ ಸುರಿಯುವುದಕ್ಕೆ ಎತ್ತಿಯೂ ಬಿಟ್ಟಿದ್ದಳು.

‘ಬೇಡ, ಬೇಡ! ಇವನಿಗೆ ಸಿಹಿನೀರು ಆಗುವುದಿಲ್ಲ,’ ಎಂದು ಡಾಕ್ಟರಮ್ಮ ಬಿಂದಿಗೆಗೆ ಕೈ ಅಡ್ಡ ಕೊಟ್ಟರು. ಮುದುಕಿ ತೊಟ್ಟಿಯ ಅಂಚಿಗೆ ಚೆಲ್ಲಿದ್ದ ನೀರನ್ನು ಬೆರಳಿಂದ ನಾಲಿಗೆಗೆ ಮುಟ್ಟಿಸಿಕೊಂಡಳು. ‘ಅಯ್ ಶಿವ್ನೇ, ಉಪ್ಪು ಕಣವ್ವ! ಎಲ್ಲೀ ಸಮುದ್ರ, ಎಲ್ಲೀ ನಮ್ಮ ಕೇರಿ,’ ಎಂದವಳು ನನ್ನ ಕಡೆ ತಿರುಗಿದಳು. ‘ಏನಾಗ್ಬೇಕ್ಲಾ, ನಂಗೆ ಏಳು.’

ಹೇಳಿದೆ. ಹುರುಳಿಯನ್ನೆಲ್ಲ ಎತ್ತಿ ಮುಂದಿನ ಹಂಪ್‌ಗಳ ಹಿಂದೆ ಮುಂದೆ ಹಾಸಬೇಕು, ಏರೂ ಇಳಿಜಾರೂ ಗೊತ್ತಾಗಬಾರದು. ಅವಳು ಕೇರಿಯ ಕಡೆ ತಿರುಗಿ ಒಂದು ಕೂಗು ಹಾಕಿದಳು. ನನ್ನ ಹಾರ್ನು ಅದರ ಮುಂದೆ ಏನೂ ಅಲ್ಲ. ಹೆಂಗಸರು ಹೊರೆ ಹೊರೆ ಹುರುಳಿ ಹೊತ್ತು ಬಂದರು. ಪಕ್ಕದ ಮನೆಯವರು ತಮ್ಮ ಹುರುಳಿಯನ್ನೂ ತಂದರು. ಯಾರ ಕಾಳು ಯಾರ ಕಾಳಿಗೆ ಬೆರೆಯುತ್ತದೆ ಎಂದು ಆ ಹೊತ್ತು ಯಾರೂ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಹುರುಳಿ ಧೂಳು ಎಂದು ಒರೆಸಿಕೊಂಡೆ.

ಮುದುಕಿ ಕವೆಗೋಲು ಹಿಡಿದು ಲಾರಿಯ ಮುಂದೆ ಮುಂದೆ ನಡೆದಳು. ಹಂಪ್ ಬಂದಾಗಲೆಲ್ಲ ತಿರುಗಿ ‘ಬಾ, ಬಾ, ಮೆತ್ತಗೆ, ಮೆತ್ತಗೆ’ ಎನ್ನುತ್ತಿದ್ದಳು. ನಾನು ಹಾರ್ನ್ ಮುಟ್ಟದೆ, ಅವಳ ಹೆಜ್ಜೆಯ ಹಿಂದೆ ಹೆಜ್ಜೆ ಇಟ್ಟ ಹಾಗೆ ಓಡಿಸಿದೆ. ಕೊನೆಯ ಹಂಪ್ ಇಳಿದಾಗ ಫೋನಿನಲ್ಲಿ ಡಾಕ್ಟರಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ‘ರೆಕ್ಕೆ ಬಿಚ್ಚಿದ ಅಣ್ಣ, ಉಸಿರು ಸರಿಯಾಯ್ತು,’ ಎಂದರು.

‘ಒಂದ್ ಕಾಳೂ ಸಿಡೀಲಿಲ್ಲ ಕಣ್ಲಾ ಈ ಸಲ,’ ಎಂದಳು ಮುದುಕಿ, ರಸ್ತೆ ನೋಡುತ್ತಾ.

ಆ ಸಂಜೆ ಮತ್ಸ್ಯಾಲಯದ ದೊಡ್ಡ ತೊಟ್ಟಿಗೆ ಅವನನ್ನು ಬಿಟ್ಟರು. ತಳಕ್ಕೆ ಹೋಗಿ ಕೂತವನು ಏಳುವವರೆಗೂ ನಾನು ಮನೆಗೆ ಹೊರಡಲಿಲ್ಲ.

ಮತ್ಸ್ಯಾಲಯವನ್ನು ಜನರಿಗೆ ತೆರೆದ ಮೇಲೆ ಮುದುಕಿಯನ್ನೂ ಅವಳ ಸೊಸೆಯನ್ನೂ ಕರೆದುಕೊಂಡು ಹೋದೆ. ಮೂತಿಯ ಗಾಯ ಮಾಯ್ದು ಬಿಳಿ ಗೆರೆಯಾಗಿತ್ತು. ಅವನು ನಮ್ಮ ತಲೆಯ ಎತ್ತರದಲ್ಲಿ, ರೆಕ್ಕೆಯ ಅಂಚನ್ನು ಮಾತ್ರ ಅಲುಗಿಸುತ್ತಾ ಬಂದು, ಗಾಜಿಗೆ ಹೊಟ್ಟೆ ತೋರಿಸಿ, ತಿರುಗಿ ಹೋದ. ಅಷ್ಟು ನೀರಿನಲ್ಲಿ ಒಂದು ಅಲೆ ಏಳಲಿಲ್ಲ. ಮುದುಕಿ ಗಾಜಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು.

‘ನೋಡ್ಕೊಳ್ಲಾ,’ ಎಂದಳು. ‘ಓಡ್ಸೋದು ಅಂದ್ರೆ ಅಂಗೆ.’