ಎರಡೂವರೆ ಎಂ.ಎಲ್. ಅಪಶಕುನ

ಅವರ ಬಿಳಿ ಅಂಗಿಯ ಎಡತೋಳಿನ ಅಂಚಿನಲ್ಲಿ ಹೆಬ್ಬೆರಳಿನಷ್ಟಗಲ ಒಂದು ಕರಿ ಕಲೆ ಇರುತ್ತಿತ್ತು. ಉಳಿದಂತೆ ಇಡೀ ಅಂಗಿಯ ಮೇಲೆ ಒಂದು ಚುಕ್ಕೆ ಸಿಗುತ್ತಿರಲಿಲ್ಲ. ಪ್ಲಗ್ಗಿನ ಮಸಿಯನ್ನು ಹೆಬ್ಬೆರಳಿಗೆ ಹಚ್ಚಿ ನೋಡಿ, ಆ ಬೆರಳನ್ನು ಅದೊಂದೇ ಜಾಗಕ್ಕೆ ಒರೆಸಿಕೊಳ್ಳುವುದು ಅವರ ರೂಢಿ. ಕಮರಿಪೇಟೆಯ ಓಣಿಯೊಂದರಲ್ಲಿ, ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲದ ತಗಡಿನ ಶೆಡ್ಡಿನಲ್ಲಿ ದಿನವಿಡೀ ಎಂಜಿನ್ನಿನೊಳಗೆ ಕೈ ಹಾಕುವ ಮನುಷ್ಯ ಬಿಳಿ ಅಂಗಿ ತೊಡುತ್ತಾನೆಂದರೆ ಯಾರು ನಂಬಬೇಕು? ಮೊದಲ ಸಲ ನೋಡಿದಾಗ ಇವರೇ ಮಿಸ್ತ್ರಿ ಎಂದು ನನಗೂ ಅನ್ನಿಸಲಿಲ್ಲ. ಎಲ್ಲರೂ ಅವರನ್ನು ಮಿಸ್ತ್ರಿ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಅಂಗಿಗೆ ಒಂದು ಕಥೆ ಇತ್ತು. ನವಲಗುಂದದ ಕಡೆಯ ಹಳ್ಳಿಯಿಂದ ಬಂದು ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುತ್ತಿದ್ದ ಹರೆಯದ ದಿನಗಳಲ್ಲಿ, ದೇಶಪಾಂಡೆ ನಗರದ ಸಾಹೇಬರೊಬ್ಬರ ಕಾರನ್ನು ದುರಸ್ತಿ ಮಾಡಿ, ಓಡಿಸಿ ನೋಡಲೆಂದು ಬಾಗಿಲು ತೆಗೆದರಂತೆ. ಸಾಹೇಬರು ಓಡಿಬಂದು ಸೀಟಿನ ಮೇಲೆ ಹಳೆಯ ಪೇಪರು ಹಾಸಿದರಂತೆ. ಮರುದಿನದಿಂದಲೇ ಬಿಳಿ ಅಂಗಿ. ಮುಂದೊಮ್ಮೆ ಅದೇ ಸಾಹೇಬರು ಬಂದಾಗ, "ಪೇಪರ್ ಹಾಸರಿ ಸಾಹೇಬ್ರ, ನಿಮ್ಮ ಸೀಟಿನ ಧೂಳ ನನ್ನ ಅಂಗಿಗೆ ಹತ್ತಬಾರದ ನೋಡ್ರಿ" ಎಂದರಂತೆ. ಇದನ್ನು ಸೊಕ್ಕು ಎಂದವರಿದ್ದರು. ಸೊಕ್ಕೇ ಹೌದು. ಅಂಥ ಸೊಕ್ಕು ನನಗೂ ತುರ್ತಾಗಿ ಬೇಕಾಗಿತ್ತು, ಆಗ ನನ್ನ ಹತ್ತಿರ ಚೂರೂ ಇರಲಿಲ್ಲ.

ನಾನು ಮನೆಮನೆಗೆ ಹೋಗಿ ರಕ್ತ ತೆಗೆಯುವವಳು. ಹಾಸಿಗೆ ಹಿಡಿದವರು, ಮೆಟ್ಟಿಲಿಳಿಯಲಾಗದ ಮುದುಕರು ಬೆಳಿಗ್ಗೆ ಚಹಾ ಸಹ ಕುಡಿಯದೆ ನನ್ನ ದಾರಿ ನೋಡುತ್ತ ಕುಳಿತಿರುತ್ತಾರೆ. ಅವರ ರಕ್ತ ತೆಗೆದು, ಟ್ಯೂಬುಗಳಿಗೆ ಹೆಸರು ಹಚ್ಚಿ, ಐಸ್ ಪೆಟ್ಟಿಗೆಯಲ್ಲಿಟ್ಟು ಹೊತ್ತಿಗೆ ಸರಿಯಾಗಿ ಲ್ಯಾಬಿಗೆ ಮುಟ್ಟಿಸಬೇಕು. ಮೊದಲು ಸ್ಕೂಟರ್ ಇತ್ತು. ಒಂದು ಮಳೆಗಾಲದ ಬೆಳಿಗ್ಗೆ ಜಾರಿಬಿದ್ದು ಪೆಟ್ಟಿಗೆಯೂ ಒಡೆಯಿತು, ಟ್ಯೂಬುಗಳೂ ಒಡೆದವು. ಒಂಬತ್ತು ಮನೆಗೆ ಮತ್ತೆ ಹೋಗಿ, ಇನ್ನೊಮ್ಮೆ ಚುಚ್ಚುತ್ತೇನೆ ಎಂದು ಕೈಮುಗಿಯಬೇಕಾಯಿತು. ಆಮೇಲೆ ನಾನು ಡ್ರೈವಿಂಗ್ ಕಲಿತೆ, ನನ್ನದೇ ದುಡಿಮೆಯಿಂದ ಒಂದು ಹಳೆಯ ಸಣ್ಣ ಕಾರು ಕೊಂಡೆ. ಕಾಗದಪತ್ರವೂ ನನ್ನ ಹೆಸರಿನಲ್ಲೇ ಆಯಿತು. ಆದರೆ ಕೇಶ್ವಾಪುರದ ನಮ್ಮ ಮನೆಯಲ್ಲಿ ಭಾವನವರ, ಅಂದರೆ ನನ್ನ ಗಂಡನ ಅಣ್ಣನ, ಮಾತು ದಾಟಿದವರು ಯಾರೂ ಇರಲಿಲ್ಲ. "ನಾಲ್ಕು ಸೂಜಿ ಹಿಡಕೊಂಡು ಅಡ್ಡಾಡ್ಲಿಕ್ಕೆ ಕಾರ್ ಯಾಕ ಬೇಕಾಗೇದ?" ಎಂದು ಅವರು ಮೊದಲ ದಿನವೇ ಕೇಳಿದ್ದರು. ನನ್ನ ಗಂಡ ಎಂದಿನಂತೆ ಫೋನು ನೋಡುತ್ತ ಕುಳಿತಿದ್ದ.

ಆ ವರ್ಷದ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು. ಕಾರಿಗೆ ಅದು ನಮ್ಮ ಮನೆಯ ಮೊದಲ ಪೂಜೆ, ನನಗೆ ಎಲ್ಲಿಲ್ಲದ ಹುರುಪು. ವಾಟರ್ ಸರ್ವಿಸಿನ ಮುಂದೆ ಊರಿನ ಗಾಡಿಗಳೆಲ್ಲ ಸಾಲು ನಿಂತಿದ್ದವು. "ಎಂಜಿನ್ನಿಗೂ ಹೊಡೀಲೇನ್ರಿ ಅಕ್ಕಾರ?" ಎಂದು ಗಾಡಿ ತೊಳೆಯುವ ಹುಡುಗ ಪೈಪು ಹಿಡಿದು ಕೇಳಿದ. ಎಂಜಿನ್ನಿಗೂ ಕುಂಕುಮ ಇಡುತ್ತೇವಲ್ಲ, ಹೊಲಸಿನ ಮೇಲೆ ಹೇಗೆ ಇಡುವುದು? "ಹೊಡೀರಿ, ಛಲೋತ್ನಾಗಿ ಹೊಡೀರಿ" ಎಂದೆ. ಹೊಡೆದ. ಎಂಜಿನ್ನು ಫಳಫಳ ಹೊಳೆಯಿತು, ನಾನೂ ಹೊಳೆಯುತ್ತ ಮನೆಗೆ ಬಂದೆ.

ಸಂಜೆ ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆವು. ಚಾಲೂ ಮಾಡಿದರೆ ಕಾರು ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಮೀಟರಿನಲ್ಲಿ ಹಳದಿ ದೀಪ ಮಿಣುಕುತ್ತಿತ್ತು. ಗೇರು ಹಾಕಿದೆ, ಎರಡು ಸಲ ಜಗ್ಗಿ, ಮುಂದಿನ ನಿಂಬೆಹಣ್ಣಿನ ಮೇಲೆ ಅರ್ಧ ಹತ್ತಿ ನಿಂತುಬಿಟ್ಟಿತು. ಇಡೀ ಓಣಿ ನೋಡುತ್ತಿತ್ತು. ಭಾವ ಜೋರಾಗಿ ಹೇಳಲಿಲ್ಲ, ಅವರು ಎಂದೂ ಜೋರಾಗಿ ಹೇಳುವವರಲ್ಲ. ತಮ್ಮನ ಕಡೆ ತಿರುಗಿ, "ಪೂಜಿ ದಿವಸನ ನಿಂತ್ತು. ಈ ಗಾಡಿ ನಮ್ಮ ಮನಿಗೆ ಆಗಿಬರೂದಿಲ್ಲಪಾ. ನಾಳೆ ದಸರಾ, ಛಲೋ ದಿವಸ ಅದ, ನನ್ನ ಗುರ್ತಿನವ್ರೊಬ್ರಿಗೆ ಸಂಜಿಕೆ ಬರ್ಲಿಕ್ಕೆ ಹೇಳ್ತೇನಿ. ಕೊಟ್ಟುಬಿಡೂಣು" ಎಂದರು. ಕಾರು ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂಬುದು ಆ ಅಂಗಳದಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದಕ್ಕಾಗಿ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಒಂದು ಸರ್ವಿಸ್ ಸೆಂಟರಿಗೆ ಫೋನು ಮಾಡಿದರೆ, ಹಬ್ಬದ ರಜೆ, ಆಮೇಲೆ ಎಂಟು ದಿನ ಗಾಡಿ ಬಿಡಬೇಕಾಗುತ್ತದೆ, ಕಂಪ್ಯೂಟರೇ ಸುಟ್ಟಿರಬಹುದು ಎಂದರು. ನನ್ನಿಂದ ರಕ್ತ ತೆಗೆಸುವ ಅಜ್ಜಿಯೊಬ್ಬರು ಕಮರಿಪೇಟೆಯ ಬಿಳಿ ಅಂಗಿಯವರನ್ನು ಕೇಳು ಎಂದು ವಿಳಾಸ ಹೇಳಿದರು. ಜಗ್ಗುತ್ತ, ನಿಲ್ಲುತ್ತ, ಹಿಂದಿನವರ ಹಾರ್ನು ತಿನ್ನುತ್ತ ಅಲ್ಲಿಗೆ ಮುಟ್ಟಿದೆ.

ಶೆಡ್ಡು ತೆರೆದಿತ್ತು. ಬೆಂಚಿನ ಮೇಲೆ ಕೆಂಪು ಬಟ್ಟೆ ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿಟ್ಟು, ಒಂದೊಂದಕ್ಕೂ ಕುಂಕುಮ ಹಚ್ಚಿ ಶಾವಂತಿಗೆ ಹೂ ಏರಿಸಿದ್ದರು. ಪಕ್ಕದ ಕುರ್ಚಿಯಲ್ಲಿ ಹೊಸ ಬಿಳಿ ಅಂಗಿ ತೊಟ್ಟು ಮಿಸ್ತ್ರಿ ಕಾಕಾ ಕುಳಿತಿದ್ದರು.

"ಇವತ್ತ ಹತ್ಯಾರ ಎತ್ತಂಗಿಲ್ರಿ ಅಕ್ಕಾರ. ಪೂಜಾದಾಗ ಕುಂತಾವ. ಸಂಜಿಕೆ ಬನ್ನಿ ಮುಡದ ಮ್ಯಾಲ ಎತ್ತೂದು."

ಸಂಜೆಗೆ ಕಾರೇ ಇರುವುದಿಲ್ಲ ಎಂದು ಹೇಳಲು ಹೋಗಿ ಅತ್ತುಬಿಟ್ಟೆ. ಅಪಶಕುನದ ಮಾತನ್ನೂ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ, "ಕೆಲಸಾ ಏನ ಮಾಡ್ತೀರಿ?" ಎಂದರು.

"ರಕ್ತ ತಗೀತೇನ್ರಿ, ಪರೀಕ್ಷಾಕ್ಕ."

"ಮಂದಿ ಮುಖಾ ನೋಡಿ ಇಂಥಾ ಜಡ್ಡ ಐತಿ ಅಂತ ಹೇಳ್ತೀರೇನು?"

"ಇಲ್ರಿ. ರಕ್ತ ನೋಡಬೇಕು."

"ಮತ್ತ ಗಾಡಿ ಮುಖಾ ನೋಡಿ ಅಪಶಕುನ ಅಂತ ಹೆಂಗ ಹೇಳಿದ್ರಿ? ಬಾನೆಟ್ ತಗೀರಿ. ನನ್ನ ಹತ್ಯಾರ ಪೂಜಾದಾಗ ಕುಂತಾವ, ನಿಮ್ಮ ಕೈಯೇನ ಕುಂತಿಲ್ಲಲ್ಲ?"

ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರು ನನ್ನ ಪಕ್ಕ ನಿಂತರು. ಕೊನೆಯ ತನಕ ಆ ಕೈಗಳು ಮುಂದೆ ಬರಲಿಲ್ಲ. ಎಂಜಿನ್ನಿನ ತಲೆಯ ಮೇಲೆ ನಾಲ್ಕು ಕಾಯಿಲುಗಳು ಸಾಲಾಗಿ ಕುಳಿತಿದ್ದವು. ನಾಲ್ಕು ಸಿಲಿಂಡರಿಗೆ ಒಂದೊಂದು, ಪ್ಲಗ್ಗಿಗೆ ಕಿಡಿ ಕೊಡುವುದು ಅದರ ಕೆಲಸ ಎಂದು ತಿಳಿಸಿದರು. ಎಂಜಿನ್ನು ಚಾಲೂ ಇಟ್ಟು, ಒಣಬಟ್ಟೆ ಹಿಡಿದು, ಒಂದೊಂದೇ ಕಾಯಿಲಿನ ವೈರಿನ ಕನೆಕ್ಟರನ್ನು ಬಿಚ್ಚಿ ಮತ್ತೆ ಸಿಕ್ಕಿಸಲು ಹೇಳಿದರು.

"ಬಿಚ್ಚಿದ ಕೂಡ್ಲೆ ಎಂಜಿನ್ ಇನ್ನಷ್ಟ ನಡುಗಿತು ಅಂದ್ರ ಆ ಸಿಲಿಂಡರ್ ದುಡ್ಯಾಕತ್ತಿತ್ತು. ಬಿಚ್ಚಿದ್ರೂ ಏನೂ ಫರಕ್ ಆಗ್ಲಿಲ್ಲ ಅಂದ್ರ ಅದ ಕಳ್ಳ."

ಮೊದಲನೆಯದನ್ನು ಬಿಚ್ಚಿದೆ, ಎಂಜಿನ್ನು ಒದ್ದಾಡಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಬಿಚ್ಚಿದಾಗ ಏನೂ ಆಗಲಿಲ್ಲ. ನಾನು ಅವರ ಮುಖ ನೋಡಿದೆ. "ನನ್ನ್ಯಾಕ ನೋಡ್ತೀರಿ? ನಾಲ್ಕನೇದೂ ನೋಡ್ರಿ. ಕಳ್ಳ ಒಬ್ಬನ ಅಂತ ಯಾರ ಹೇಳ್ಯಾರ?" ಎಂದರು. ನಾಲ್ಕನೆಯದು ದುಡಿಯುತ್ತಿತ್ತು.

ಎಂಜಿನ್ನು ಬಂದ್ ಮಾಡಿ, ಆರಲು ಬಿಟ್ಟು, ನನ್ನ ಡಿಕ್ಕಿಯ ಚೀಲದಲ್ಲಿದ್ದ ಹತ್ತು ನಂಬರಿನ ಪಾನಾದಿಂದ ಮೂರನೆಯ ಕಾಯಿಲ್ ಬಿಚ್ಚಿ ಎಳೆದೆ. ಅದರ ರಬ್ಬರಿನ ತುದಿ ಒದ್ದೆಯಾಗಿತ್ತು. ಕೆಳಗೆ, ಪ್ಲಗ್ ಕುಳಿತ ಆಳದ ಕುಳಿಯಲ್ಲಿ ನೀರು ನಿಂತಿತ್ತು. ಬಟ್ಟೆ ಅಲ್ಲಿಗೆ ಮುಟ್ಟಲಿಲ್ಲ. ಅವರ ಹತ್ತಿರ ಗಾಳಿ ಹೊಡೆಯುವ ಯಂತ್ರವಿತ್ತು, ಅದರ ಕೊರಳಿಗೂ ಹೂಮಾಲೆ ಬಿದ್ದಿತ್ತು. ಅದನ್ನೇ ನೋಡುತ್ತ ನಿಂತವಳಿಗೆ ಫಕ್ಕನೆ ನನ್ನ ಪೆಟ್ಟಿಗೆಯ ನೆನಪಾಯಿತು. ಹೊಸ ಸಿರಿಂಜು ತೆಗೆದೆ, ರಕ್ತ ತೆಗೆಯುವ ಸಣ್ಣ ನಳಿಕೆಯ ಸೂಜಿ ಕತ್ತರಿಸಿ ಅದಕ್ಕೆ ಜೋಡಿಸಿದೆ, ಕುಳಿಯೊಳಗೆ ಇಳಿಬಿಟ್ಟು ಮೆಲ್ಲಗೆ ಎಳೆದೆ. ಮುದುಕರ ಬತ್ತಿದ ನರದಿಂದ ರಕ್ತ ತೆಗೆಯುವವಳಿಗೆ ಇದೇನು ಮಹಾ! ಮಣ್ಣು ಬೆರೆತ ನೀರು ಎರಡೂವರೆ ಎಂ.ಎಲ್. ಬಂತು.

ಮಿಸ್ತ್ರಿ ಕಾಕಾ ಬಗ್ಗಿ ಸಿರಿಂಜು ನೋಡಿ, ಆ ಓಣಿಯೆಲ್ಲ ಕೇಳುವ ಹಾಗೆ ನಕ್ಕರು. "ಚೆಲ್ಲಬ್ಯಾಡ ತಂಗಿ. ಟ್ಯೂಬಿನ್ಯಾಗ ಹಾಕು. ಮ್ಯಾಲ ಹೆಸರ ಬರೀ" ಎಂದರು. ಅಕ್ಕಾರ ಹೋಗಿ ತಂಗಿ ಆದದ್ದು ಅಲ್ಲಿಯೇ. ಟ್ಯೂಬಿಗೆ ಚೀಟಿ ಹಚ್ಚಿ, ಕಾರಿನ ನಂಬರು, ದಿನಾಂಕ, ಸಿಲಿಂಡರ್ ಮೂರು ಎಂದು ಬರೆದೆ. ಕುಳಿಯಲ್ಲಿ ಉಳಿದ ಪಸೆಯನ್ನು ಹತ್ತಿಯಿಂದ ತೆಗೆದು, ಕಾಯಿಲನ್ನು ಒಂದು ತಾಸು ಬಿಸಿಲಿಗಿಟ್ಟೆವು. ಅಷ್ಟರಲ್ಲಿ ಅವರ ಮಗಳು ಹೋಳಿಗೆ ಬಡಿಸಿದಳು. ರಬ್ಬರು ಒಂದು ಕಡೆ ಸೀಳಿದೆ, ವಾಟರ್ ಸರ್ವಿಸಿನ ನೀರು ಅಲ್ಲಿಂದಲೇ ಇಳಿದದ್ದು, ಹಬ್ಬ ಮುಗಿದ ಮೇಲೆ ಹೊಸದು ಹಾಕೋಣ ಎಂದು ಕಾಕಾ ಹೇಳಿದರು. ಎಲ್ಲ ಮತ್ತೆ ಜೋಡಿಸಿ ಚಾಲೂ ಮಾಡಿದೆ. ನಡುಕವಿಲ್ಲ. ಎಂಜಿನ್ನಿನ ಆ ಒಂದೇ ಸಮನಾದ ಸದ್ದು ಕೇಳಿ ಮತ್ತೆ ಅಳು ಬಂತು, ಈ ಸಲ ಮೂಗು ಒರೆಸಿಕೊಳ್ಳಬೇಕೆಂದೂ ಅನಿಸಲಿಲ್ಲ.

ಸಂಜೆ ಮನೆಯ ಅಂಗಳದಲ್ಲಿ ಭಾವನವರೂ ಕಾರು ಕೊಳ್ಳಲು ಬಂದವರೂ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾನು ಅವರ ಮುಂದೆಯೇ ಗೇಟಿನೊಳಗೆ ಗಾಡಿ ತಂದು ನಿಲ್ಲಿಸಿ, ಎಲ್ಲರಿಗೂ ಬನ್ನಿ ಕೊಟ್ಟೆ. ಭಾವನವರ ಕೈಗೆ ಬನ್ನಿಯ ಜೊತೆ ಟ್ಯೂಬನ್ನೂ ಇಟ್ಟೆ.

"ಬನ್ನಿ ತಗೋರಿ, ಬಂಗಾರದಂಗ ಇರೂಣು. ಇದು ನಿಮ್ಮ ಅಪಶಕುನ. ಎರಡೂವರೆ ಎಂ.ಎಲ್. ಅದ. ಗಾಡಿ ಮಾರೂದಿಲ್ರಿ."

ಕೊಳ್ಳಲು ಬಂದವರು ನಕ್ಕುಬಿಟ್ಟರು. ನನ್ನ ಗಂಡ ಮೊದಲ ಸಲ ಫೋನಿನಿಂದ ತಲೆ ಎತ್ತಿದ. ಭಾವ ದೀಪಾವಳಿಯ ತನಕ ನನ್ನೊಡನೆ ಮಾತಾಡಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ.

ಆಮೇಲೆ ಕಾಕಾನ ಶೆಡ್ಡು ನನ್ನ ದಾರಿಯ ಒಂದು ನಿಲ್ದಾಣವಾಯಿತು. ಗಾಡಿ ಕೆಟ್ಟರೆ ಆಗಲೂ ಅವರು ಮೊದಲು ಕೈ ಬೆನ್ನ ಹಿಂದೆ ಕಟ್ಟುತ್ತಿದ್ದರು, ಪೂಜೆ ಇರಲಿ ಬಿಡಲಿ. ಕೆಲವು ವರ್ಷಗಳ ನಂತರ ಅವರ ಮಗಳು ಫೋನು ಮಾಡಿ, ಅಪ್ಪನ ಕಾಲು ಬಾತಿವೆ, ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ ಎಂದಳು. ಹೋಗಿ ರಕ್ತ ತೆಗೆದೆ. ಮರುದಿನ ರಿಪೋರ್ಟು ಹಿಡಿದು ಅವರ ಮುಖವನ್ನೇ ನೋಡುತ್ತ ನಿಂತೆ. ಕಿಡ್ನಿಯ ಅಂಕೆಗಳು ಬಹಳ ಕೆಟ್ಟಿದ್ದವು.

"ನನ್ನ ಮುಖಾ ನೋಡಬ್ಯಾಡ. ನಂಬರ ಓದು" ಎಂದರು.

ಓದಿದೆ. ಒಂದನ್ನೂ ಮುಚ್ಚಿಡಲಿಲ್ಲ.

"ಅಂದ್ರ ಒಂದ ಸಿಲಿಂಡರ್ ಹೋತು. ಉಳಿದಾವ ಎಷ್ಟ ದಿವಸ ಎಳೀತಾವೋ ನೋಡೂಣು. ಅಲ್ಲೀತನಕ ಗಾಡಿ ಬಂದ್ ಮಾಡಂಗಿಲ್ಲ."

ಮಾಡಲೂ ಇಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್, ಉಳಿದ ದಿನ ಶೆಡ್ಡು. ಆಸ್ಪತ್ರೆಗೆ ನಾನೇ ಅದೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಪ್ರತಿ ಸಲ ಸೀಟಿನಲ್ಲಿ ಕೂರುವ ಮುನ್ನ, "ಪೇಪರ್ ಹಾಸಿಲ್ಲೇನ?" ಎಂದು ಕೇಳುತ್ತಿದ್ದರು. ಈ ಶ್ರಾವಣದಲ್ಲಿ ಹೋಗಿಬಿಟ್ಟರು. ಮಣ್ಣಿಗೆಂದು ಅವರ ಮನೆಗೆ ಹೋದಾಗ ನೋಡಿದೆ, ಇಸ್ತ್ರಿ ಮಾಡಿದ ಹೊಸ ಬಿಳಿ ಅಂಗಿ ತೊಡಿಸಿದ್ದರು. ಎಡತೋಳಿನಲ್ಲಿ ಕಲೆ ಇರಲಿಲ್ಲ. ಅದು ನನಗೆ ಸರಿಬರಲಿಲ್ಲ. ಹೊರಗೆ ಬಂದು ಬಾನೆಟ್ ತೆಗೆದು, ಮಸಿ ಹತ್ತಿದ ಹೆಬ್ಬೆರಳಿನೊಂದಿಗೆ ಒಳಗೆ ಹೋಗಿ, ಇರಬೇಕಾದ ಜಾಗದಲ್ಲಿ ಒತ್ತಿದೆ. ಯಾರೋ ಹೆಂಗಸು ಬೈದಳು. ಅವರ ಮಗಳು, "ಇರಲಿ ಬಿಡ್ರಿ" ಎಂದಳು.

ಮೊನ್ನೆ ಖಂಡೇ ಪೂಜೆಯ ಮರುದಿನ ಭಾವ ತಮ್ಮ ಹೊಸ ಕಾರನ್ನು ನಡುಗಿಸುತ್ತ ಅಂಗಳಕ್ಕೆ ತಂದರು. ಬಾನೆಟ್ ತೆಗೆದರೆ ಎಂಜಿನ್ನು ಫಳಫಳ ಹೊಳೆಯುತ್ತಿತ್ತು. ಅಪಶಕುನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಏನಾಗೇದ ನೋಡವಾ" ಎಂದರು. ನಾನು ಚೀಲದಿಂದ ಹತ್ತು ನಂಬರಿನ ಪಾನಾ ತೆಗೆದು ಅವರ ಕೈಗೆ ಕೊಟ್ಟು, ನನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.