ಪ್ಲೇಲಿಸ್ಟ್ ಪಾಲಪ್ಪ

ಹೊಸಪೇಟೆಯಲ್ಲಿ ಪಾಲಪ್ಪನಷ್ಟು ಹಂಪಿಯ ವಿಡಿಯೊ ನೋಡಿದವರಿಲ್ಲ. ಯಶವಂತನಗರದ ಗಣಿ ಕಚೇರಿಯಲ್ಲಿ ಕಂಪ್ಯೂಟರ್ ಕಲಿತ ಆತ ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದಾನೆ. ಪ್ರವಾಸಿಗರು ಆನ್‌ಲೈನಿಗೆ ಹಾಕಿದ್ದನ್ನೆಲ್ಲ ಅದು ದಿನಾ ಹೆಕ್ಕಿ, ಗುಡಿಗೊಂದು ಮಂಟಪಕ್ಕೊಂದು ಪ್ಲೇಲಿಸ್ಟ್ ಮಾಡಿಡುತ್ತದೆ. ಕಲ್ಲುಕಂಬ ಬಂದರೆ ವಿಡಿಯೊ ಮುಂದಕ್ಕೆ ಓಡಿಸುತ್ತಾನೆ. ಜನ ಬಂದರೆ ನಿಲ್ಲಿಸಿ, ಕನ್ನಡಕ ಒರೆಸಿ, ಒಂದೊಂದೇ ಮುಖ ನೋಡುತ್ತಾನೆ. “ಹಂಪಿ ನೋಡಾಕ ಇಷ್ಟ್ಯಾಕ್ರಿ? ಬಸ್ ಹತ್ತಿದ್ರ ಅರ್ಧ ತಾಸು” ಎಂದ ಹೊಸ ಬಾಡಿಗೆದಾರ. ಪಾಲಪ್ಪ ಮುಂದಿನ ವಿಡಿಯೊ ಹಚ್ಚಿದ. ಹಂಪಿಯಲ್ಲಿ ಗೈಡ್ ಆಗಿದ್ದ ಅವನ ಮಗ ಹಂಪೇಶ ತೀರಿಕೊಂಡು ಮೂರು ವರ್ಷ. ಅವನ ದನಿಯಿರುವ ಒಂದು ವಿಡಿಯೊ ಸಹ ಮನೆಯಲ್ಲಿಲ್ಲ. ನಿನ್ನೆ ಯಾರದೋ ಹಳೆಯ ವಿಡಿಯೊದಲ್ಲಿ ಹಂಪೇಶ ಸಿಕ್ಕ. ತುಟಿ ಆಡುತ್ತಿತ್ತು, ಕೇಳಿಸಿದ್ದು ಮಾತಿನ ಬದಲು ಹಾಕಿದ್ದ ಸಂಗೀತ ಮಾತ್ರ. “ಏನಂತಾನ್ರಿ?” ಎಂದಳು ಹೆಂಡತಿ ಪಂಪಾವತಿ. ಪಾಲಪ್ಪ ಆ ತುಟಿಗಳನ್ನೇ ಮತ್ತೆ ಮತ್ತೆ ನೋಡಿದ. “ಬರ್ರಿ, ಈ ಕಡೆ ಬರ್ರಿ, ಅಂತಾನ.”