ನನ್ನನ್ನು ಹೊತ್ತವರ ಮೇಲೆ ನಾನು ಬರೆದ ದೂರು

ಸಹಾಯ ಮಾಡಿದವರ ಎದುರು ಕೈಮುಗಿಯಬೇಕಾದ ಹೊತ್ತಿನಲ್ಲಿ ಸಿಟ್ಟು ಬರುವುದು ಸಣ್ಣತನ ಎಂದು ನನಗೂ ಗೊತ್ತು. ಆದರೂ ಬಂತು. ಇನ್ನೂ ಪೂರ್ತಿ ಇಳಿದಿಲ್ಲ. ಅದರಲ್ಲಿ ಯಾರ ಪಾಲು ಎಷ್ಟು ಎಂದು ನೋಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಮುಕ್ಕಾಲು ಪಾಲು ನಿಮ್ಮದೇ ಎಂದು ನನ್ನ ಹೆಂಡತಿ ಈಗಾಗಲೇ ತೀರ್ಪು ಕೊಟ್ಟಿದ್ದಾಳೆ.

ನಾವಿರುವುದು ಲಿಂಗರಾಜಪುರದ ಒಂದು ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನೆಲಮಹಡಿಯಲ್ಲಿ ಮಾಲೀಕರಿದ್ದಾರೆ. ಅವರ ತಾತ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ, ಮೊಮ್ಮಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಕಟ್ಟಡದ ಹಿಂದೆ, ಕಾಂಪೌಂಡಿಗೆ ಅಂಟಿಸಿದಂತೆ ಶೀಟು ಹೊದಿಸಿದ ಒಂದು ರೂಮಿದೆ. ಅದರಲ್ಲಿ ಯಾದಗಿರಿ ಕಡೆಯ ಒಂದು ಸಂಸಾರ: ಗಾರೆ ಕೆಲಸದ ಅಣ್ಣ ತಮ್ಮ, ಅಣ್ಣನ ಹೆಂಡತಿ, ಹತ್ತನೇ ತರಗತಿಯಲ್ಲಿ ಓದುವ ಮಗಳು. ಅಣ್ಣನ ಹೆಂಡತಿಯೂ ಅವರ ಜೊತೆಗೇ ಕೆಲಸಕ್ಕೆ ಹೋಗುತ್ತಾಳೆ.

ನಾನು ಬೆನ್ಸನ್ ಟೌನಿನ ಒಂದು ಆಫೀಸಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವನು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬರೆಯುವುದರಲ್ಲಿಯೇ ಅರ್ಧ ಆಯಸ್ಸು ಸವೆದಿದೆ. ಆದ್ದರಿಂದ ಕಟ್ಟಡದಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಮನೆಯ ಬೆಲ್ಲು ಬಾರಿಸುತ್ತಾರೆ. ಹೋದ ವರ್ಷ ನೀರಿಗೆ ತೊಂದರೆಯಾದ ದಿನಗಳಲ್ಲಿ ಹಾಗೆಯೇ ಬಾರಿಸಿದರು. ಆ ರೂಮಿನವರು ಸಂಪಿನ ಪಕ್ಕದಲ್ಲಿ ಕರಣೆ, ಬಾಂಡಲಿ ತೊಳೆಯುತ್ತಾರೆ, ಬೆಳಗಿನ ಜಾವಕ್ಕೇ ಎದ್ದು ಬಟ್ಟೆ ಒಗೆಯುತ್ತಾರೆ, ಮೆಟ್ಟಿಲ ಕೆಳಗೆ ಸಾಮಾನು ತುಂಬಿದ್ದಾರೆ, ಒಂದು ದೂರು ಬರೆಯಿರಿ ಸಾರ್ ಎಂದರು.

ನನಗಾದರೋ ಅದಕ್ಕೂ ಮೊದಲೇ ಸಂಪಿನ ಚಿಂತೆ ಹತ್ತಿತ್ತು. ಸಿಮೆಂಟು ನೀರಿಗೆ ಇಳಿದು, ನೀರು ನಮ್ಮ ಹೊಟ್ಟೆಗೆ ಇಳಿದು, ಒಳಗೆ ಗಟ್ಟಿಯಾಗಿ ಆರು ಮನೆಯವರಿಗೂ ಕಿಡ್ನಿಯಲ್ಲಿ ಕಲ್ಲಾಗುವುದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ, ಯೋಚನೆಯಲ್ಲಿ. ಉಪ್ಪು ಖಾರ ಹಾಕಿಯೇ ಬರೆದೆ. ಆರು ಮನೆಯವರೂ ಸಹಿ ಹಾಕಿದರು. ಎರಡನೇ ಮಹಡಿಯ ರಿಟೈರ್ಡ್ ಅಂಕಲ್ ಓದಿ, "ಸೂಪರ್ ಸಾರ್, ಕೋರ್ಟ್ ಆರ್ಡರ್ ಥರಾನೇ ಇದೆ" ಎಂದರು. ಮೂರು ದಿನ ಆ ಮಾತಿನ ಮೇಲೆಯೇ ಬದುಕಿದ್ದೆ. ಮಾಲೀಕರು ಕಾಗದ ತೆಗೆದುಕೊಂಡು ಒಳಗಿಟ್ಟರು. ಏನೂ ಆಗಲಿಲ್ಲ. ನಾವೂ ಮರೆತೆವು.

ಅದಾಗಿ ಎರಡು ತಿಂಗಳಿಗೆ ನಾನು ಬಿದ್ದೆ. ಟ್ಯಾಂಕು ತುಂಬಿ ಹರಿಯುತ್ತಿದೆಯೇನೋ ಎಂದು ಬೆಳಿಗ್ಗೆ ಒಮ್ಮೆ ತಾರಸಿಗೆ ಹೋಗಿ ನೋಡಿ ಬಂದಿದ್ದೆ. ನೋಡಿದ್ದು ಸರಿಯಾಗಿತ್ತೇ ಎಂದು ಎರಡನೇ ಸಲ ಹೋದೆ. ಮೂರನೇ ಸಲ ಹೋಗಿ ಇಳಿಯುವಾಗ ಕಾಲು ಜಾರಿತು. ಟ್ಯಾಂಕು ತುಂಬಿರಲೇ ಇಲ್ಲ. ನನ್ನ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಮೂರನೇ ಮಹಡಿಯಿಂದ ಎಂಬತ್ತೆಂಟು ಕಿಲೋ ಮನುಷ್ಯನನ್ನು ಕೆಳಗಿಳಿಸುವುದು ಹೇಗೆ? ಸಹಿ ಹಾಕಿದ ಉಳಿದ ಐದು ಮನೆಯವರೂ ಬಂದರು, ಸುತ್ತ ನಿಂತರು, ಫೋನು ತೆಗೆದು ಅವರವರಿಗೆ ಗೊತ್ತಿದ್ದ ಡಾಕ್ಟರುಗಳ ಹೆಸರು ಹೇಳಿದರು. ಅಂಕಲ್ ತಮಗೆ ಸೊಂಟ ನೋವೆಂದು ಯಾರೂ ಕೇಳುವ ಮೊದಲೇ ತಿಳಿಸಿದರು. ಕಿರುಚಾಟ ಕೇಳಿ ಹಿಂದಿನ ರೂಮಿನಿಂದ ಅಣ್ಣ ತಮ್ಮ ಹತ್ತಿ ಬಂದರು. ನಮ್ಮದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹಳೆಯ ಸೀರೆಯಿಂದ ಕಟ್ಟಿ, ಅಣ್ಣ ಮುಂದೆ, ತಮ್ಮ ಹಿಂದೆ ಹಿಡಿದು ಎತ್ತಿದರು. ತಿರುವಿಗೆ ಬಂದಾಗೆಲ್ಲ ನಾನು "ನಿಧಾನ, ಗೋಡೆ, ಗೋಡೆ" ಎನ್ನುತ್ತಿದ್ದೆ.

ತಮ್ಮ ಹಿಂದಿನಿಂದ ಹೇಳಿದ. "ಸಿಮೆಂಟ್ ಚೀಲನೇ ಬೇಷಿತ್ತು ನೋಡಣ್ಣ. ಅದು ಮಾತಾಡಾಂಗಿಲ್ಲ."

ಅಂದಿನಿಂದ ಅದೇ ಪದ್ಧತಿಯಾಯಿತು. ಆಪರೇಷನ್ ಆಗಿ ಮನೆಗೆ ಬಂದಾಗ ಮೇಲಕ್ಕೆ ಹೊತ್ತರು. ಹೊಲಿಗೆ ಬಿಚ್ಚಲು, ಎಕ್ಸ್‌ರೇ ತೆಗೆಸಲು, ಪಟ್ಟಿ ಬದಲಿಸಲು ಹೊತ್ತು ಇಳಿಸಿದರು, ಹೊತ್ತು ಏರಿಸಿದರು. ಅವರ ಕೆಲಸಕ್ಕೆ ಹೊತ್ತಾಗಬಾರದೆಂದು ಎಲ್ಲವನ್ನೂ ಬೆಳಿಗ್ಗೆ ಮೊದಲ ಟೋಕನ್‌ಗೆ ಇಟ್ಟುಕೊಂಡೆವು. ನನ್ನ ಹೆಂಡತಿ ಹಲಸೂರಿನ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗಲೇಬೇಕಿತ್ತು. ಆ ದಿನಗಳಲ್ಲಿ ಆಕೆ, ಅಂದರೆ ಆ ರೂಮಿನ ಹೆಂಗಸು, ಕೆಲಸ ಹತ್ತಿರದಲ್ಲಿದ್ದರೆ ಮಧ್ಯಾಹ್ನ ಬಂದು ಇಣುಕುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಹೋಗುತ್ತಿದ್ದಳು. ಮೋಟರು ಕೆಟ್ಟಾಗ ಮೂರು ಮಹಡಿ ನೀರು ಹೊತ್ತಳು. ಒಂದು ದಿನ ನನ್ನ ಕಾಲ್ಬೆರಳು ನೀಲಿಯಾಗುತ್ತಿದೆ, ಇನ್ನೇನು ಕಾಲು ಕತ್ತರಿಸುತ್ತಾರೆ ಎಂದು ನಾನು ಬೆವರುತ್ತಿದ್ದಾಗ, ಬೆರಳು ಒತ್ತಿ ನೋಡಿ, "ಏನಾಗ್ಯದ್ರಿ ಇದಕ್ಕ? ಉಗುರು ತೆಗೀರಿ ಮೊದಲ. ಹೊಲಸಾಗ್ಯದ" ಎಂದಳು. ಉಗುರು ತೆಗೆದೆ. ಕಾಲು ಉಳಿಯಿತು.

ಕಟ್ಟಡದವರಿಗೆಲ್ಲ ಆ ಸಂಸಾರದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕುರ್ಚಿಯ ಮೇಲೆ ಕೂತ ನನ್ನ ಫೋಟೋ ಹಾಕಿ, 'ಮಾನವೀಯತೆ ಇನ್ನೂ ಬದುಕಿದೆ' ಎಂದು ಯಾರೋ ಬರೆದರು. ಸಾಲುಸಾಲು ಕೈಮುಗಿದ ಚಿತ್ರಗಳು ಬಂದವು. ನಾನೂ ಒಂದು ಹಾಕಿದೆ. ಆ ಗುಂಪಿನಲ್ಲಿ ಆ ಸಂಸಾರ ಇರಲಿಲ್ಲ.

ಪ್ಲಾಸ್ಟರು ಇನ್ನೂ ಕಾಲ ಮೇಲಿದ್ದಾಗಲೇ, ಒಂದು ಭಾನುವಾರ ಮಧ್ಯಾಹ್ನ ಆಕೆ ಮಗಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಮಡಚಿದ ಜೆರಾಕ್ಸ್ ಹಾಳೆ.

"ಅಣ್ಣಾರ, ರೂಮು ಖಾಲಿ ಮಾಡ್ರಿ ಅಂತ ಓನರು ಹೇಳ್ಯಾರ. ಮುಂದಿನ ತಿಂಗಳ ಒಳಗ. ಕೇಳಿದ್ರ ಈ ಕಾಗದ ಕೊಟ್ರು. ಜರಾ ಓದಿ ಹೇಳ್ರಿ."

ಬಿಡಿಸಿದೆ. ನನ್ನದೇ ದೂರು. ಮೊದಲ ಸಾಲಿನಲ್ಲೇ ಗೊತ್ತಾಯಿತು. 'ಸದರಿ' ಎಂಬ ಪದವನ್ನು ಈ ಕಟ್ಟಡದಲ್ಲಿ ನಾನಲ್ಲದೆ ಇನ್ಯಾರೂ ಬಳಸುವುದಿಲ್ಲ. ಕೆಳಗೆ ಮೊದಲ ಸಹಿಯೂ ನನ್ನದೇ. ಹೇಳಬಾರದ ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು. ಏನೋ ನೀರಿನ ವಿಷಯ, ದೊಡ್ಡದೇನಲ್ಲ ಎಂದುಬಿಡೋಣವೇ? ಆಕೆ ಗೋಡೆಗೆ ಒರಗಿ ಕೂತಳು. ಅವಸರವೇ ಇರಲಿಲ್ಲ.

ಓದಲು ಶುರುಮಾಡಿದೆ. "ಸದರಿ ಶೆಡ್ಡಿನಲ್ಲಿ ವಾಸವಿರುವ ಹೊರಗಿನವರಿಂದ ಕಟ್ಟಡದ ನೈರ್ಮಲ್ಯಕ್ಕೂ ನೆಮ್ಮದಿಗೂ ಧಕ್ಕೆಯುಂಟಾಗುತ್ತಿದ್ದು..." ಅಲ್ಲಿ ನಿಂತೆ.

"ಮುಂದ ಓದ್ರಿ."

"ಅಮ್ಮ, ಇದು..."

"ಓದ್ರಿ ಅಣ್ಣಾರ. ನಮ್ ಹುಡುಗಿ ನಿನ್ನೇನೇ ಓದಿ ಹೇಳ್ಯಾಳ. ನಿಮ್ಮ ಬಾಯಾಗಿಂದ ಕೇಳಬೇಕಾಗಿತ್ತು ನನಗ."

ಹುಡುಗಿ ನನ್ನ ಪ್ಲಾಸ್ಟರನ್ನು ನೋಡುತ್ತಿದ್ದಳು, ಮುಖವನ್ನಲ್ಲ. ಕೊನೆಯ ಸಾಲಿನವರೆಗೂ ಓದಿದೆ. 'ಸದರಿಯವರನ್ನು ತೆರವುಗೊಳಿಸಿ ನಿವಾಸಿಗಳ ಹಿತ ಕಾಪಾಡಬೇಕಾಗಿ ಕೋರುತ್ತೇವೆ' ಎಂಬುದನ್ನೂ ಓದಿದೆ. ನನ್ನ ಭಾಷೆ ಅಷ್ಟು ಚೆನ್ನಾಗಿದೆ ಎಂದು ಆವತ್ತಿನವರೆಗೆ ಹೆಮ್ಮೆಪಟ್ಟಿದ್ದೆನಲ್ಲ, ಒಂದೊಂದು ಪದವೂ ಬಾಯಲ್ಲಿ ಮರಳಿನಂತೆ ಕರಕರ ಎಂದಿತು.

"ಚಲೋ ಬರದೀರಿ," ಎಂದಳು. "ಪರೀಕ್ಷಿ ಇನ್ನಾ ಮೂರ್ ತಿಂಗಳದ ಇಕೀಗಿ. ಈಗ ಸಾಲಿ ಬಿಡಿಸಿ ಎಲ್ಲಿಗೆ ಒಯ್ಲಿ? ಹಂಗ ಬರದವರು ಹಿಂಗೂ ಬರೀರಿ."

ಎದ್ದು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸುಖವಾಗುತ್ತಿತ್ತೇನೋ. ಆಗ ಬಂತು ಸಿಟ್ಟು, ಮೊದಲು ಅವಳ ಮೇಲೆಯೇ. ಗೊತ್ತಿದ್ದೂ ಕೂರಿಸಿ ಓದಿಸಿದಳಲ್ಲ! ಸಂಜೆ ಹೆಂಡತಿಗೆ ಹೇಳಿದೆ.

"ಓದಿಸಿದ್ದಕ್ಕೆ ಸಿಟ್ಟಾ ನಿಮ್ಗೆ?" ಎಂದಳು ಅವಳು. "ಅವರ ಹೆಗಲ ಮೇಲೆ ಕೂತು ಇಷ್ಟು ದಿನ ಮೆರವಣಿಗೆ ಮಾಡಿಸ್ಕೊಂಡ್ರಲ್ಲ ರೀ, ಆಗ ಎಲ್ಲೋಗಿತ್ತು ಈ ನಾಚಿಕೆ? ಬರೀರಿ ಮೊದ್ಲು."

ಬರೆದೆ. ದೂರನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು, 'ಸದರಿ' ಇಲ್ಲದೆ, ನಾಲ್ಕೇ ಸಾಲು. ಸಹಿಗಾಗಿ ಹೆಂಡತಿ ಮನೆಮನೆಗೆ ಹೋದಳು. ಐದೂ ಮನೆಯಿಂದ ಬರಿಗೈಯಲ್ಲಿ ಬಂದಳು. ಅಂಕಲ್ ತಾವೇ ನಮ್ಮ ಮನೆಗೆ ಬಂದು ಕೂತು ಕಾಫಿ ಕುಡಿಯುತ್ತಾ ವಿವರಿಸಿದರು.

"ಪಾಪ ಸಾರ್ ಅವ್ರು, ತುಂಬಾ ಒಳ್ಳೆ ಜನ. ನಾನ್ ಇಲ್ಲ ಅಂತಿಲ್ಲ. ಆದ್ರೆ ಓನರ್ ಅಲ್ಲಿ ಪೀಜಿ ಹಾಸ್ಟೆಲ್ ಕಟ್ಟಿಸ್ತಾರಂತೆ. ಡಿಸೈಡ್ ಮಾಡ್ಬಿಟ್ಟಿದ್ದಾರೆ. ಸುಮ್ನೆ ನಮ್ಗ್ಯಾಕೆ ಕೆಟ್ಟ ಹೆಸ್ರು?"

"ಅವತ್ತು ಸಹಿ ಹಾಕಿದ್ರಲ್ಲ ಅಂಕಲ್?"

"ನೀವೇ ತಾನೇ ಬರ್ದಿದ್ದು?"

ಮಾತು ನಿಜವಾದ್ದರಿಂದಲೇ ಇನ್ನಷ್ಟು ಉರಿಯಿತು. ಫೋಟೋದ ಕೆಳಗೆ ಕೈಮುಗಿದ ಚಿತ್ರ ಹಾಕಿದವರಲ್ಲಿ ಇವರೇ ಮೊದಲಿಗರು. ಒಳ್ಳೆಯವರು ಎನ್ನುವುದು ಎಷ್ಟು ಸುಲಭ! ಅದಕ್ಕೆ ಸೊಂಟ ಬಗ್ಗಿಸಬೇಕಾಗಿಲ್ಲ, ಪೆನ್ನೂ ಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಆ ಕಾಗದ ಜೇಬಿಗಿಟ್ಟುಕೊಂಡು ನಾನೇ ಇಳಿದೆ. ಅಣ್ಣ ತಮ್ಮಂದಿರನ್ನು ಕರೆಯುವ ಮುಖ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು, ಪ್ಲಾಸ್ಟರ್ ಕಾಲನ್ನು ಮುಂದೆ ಚಾಚಿ, ಮಗು ಇಳಿಯುವಂತೆ ಕುಂಡೆಯೂರಿ ಒಂದೊಂದೇ ಮೆಟ್ಟಿಲು ಇಳಿದೆ. ಹೆಂಡತಿ ವಾಕರ್ ಹಿಡಿದು ಹಿಂದೆ ಬಂದಳು. ಪ್ರತಿ ಮೆಟ್ಟಿಲಿಗೂ ಕಾಲು ಮತ್ತೆ ಮುರಿದರೆ ಏನು ಗತಿ ಎಂದು ಯೋಚಿಸಿದೆ. ಒಟ್ಟು ಐವತ್ತೊಂದು ಮೆಟ್ಟಿಲು.

ಮಾಲೀಕರು ಬಾಗಿಲಲ್ಲೇ ಪೇಪರ್ ಓದುತ್ತಿದ್ದರು.

"ಏನ್ ಸಾರ್ ಇದು, ಒಂದ್ ಮಾತ್ ಹೇಳಿದ್ರೆ ನಾನೇ ಮೇಲಕ್ ಬರ್ತಿದ್ನಲ್ಲ!"

ಕಾಗದ ಕೊಟ್ಟೆ. ಓದಿ ನಕ್ಕರು. "ಒಂದೇ ಸಹಿ ಐತೆ. ಅವತ್ತು ಆರು ಜನ ಬರ್ಕೊಟ್ಟವ್ರೆ. ನಾನಾಗೇ ಏನೂ ಮಾಡ್ತಿಲ್ಲ ಸಾರ್, ನಿಮ್ಮೆಲ್ರ ಒಳ್ಳೇದಕ್ಕೇ."

"ನಮ್ಮ ಒಳ್ಳೇದಕ್ಕಲ್ಲ, ನಿಮ್ಮ ಪೀಜಿಗೆ."

"ಜಾಗ ನಂದು ಸಾರ್."

"ಜಾಗ ನಿಮ್ಮದು. ಆದರೆ ಆ ಶೆಡ್ಡಿಗೂ ಮಂಜೂರಾದ ಪ್ಲಾನಿಲ್ಲ, ಅಲ್ಲಿ ಬರೋ ಪೀಜಿಗೂ ಪ್ಲಾನಿರಲ್ಲ. ನನಗೆ ಅರ್ಜಿ ಬರೆಯೋಕೆ ಬರುತ್ತೆ, ನೀವೇ ನೋಡಿದ್ದೀರಿ. ಪರೀಕ್ಷೆ ಮುಗಿಯೋ ಮೊದಲು ಆ ಹುಡುಗಿ ಸಾಮಾನು ಹೊರಗೆ ಬಂದರೆ ಕಾರ್ಪೊರೇಷನ್ನಿಗೆ ಬರೆಯುತ್ತೇನೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಚಂದ ತಿಳಿಯಿತು. ಶೆಡ್ಡು ಕೆಡವಿದರೆ ಮೊದಲು ಬೀದಿಗೆ ಬೀಳುವವರು ಆ ಸಂಸಾರದವರೇ. ಮಾಲೀಕರಿಗೆ ಅದಕ್ಕಿಂತ ಒಳ್ಳೆಯದೂ ಹೊಳೆದಿತ್ತು.

"ಬರೀರಿ ಸಾರ್. ಮೂರ್ನೇ ಫ್ಲೋರ್ಗೂ ಪ್ಲಾನಿಲ್ಲ. ಹೊಡೆಯೋಕ್ ಬಂದ್ರೆ ಮೊದ್ಲು ನಿಮ್ಮನೇನೇ ಹೊಡೆಯೋದು."

ಇಪ್ಪತ್ತು ವರ್ಷಗಳಿಂದ ಗ್ಯಾಸ್ ಆರಿಸಿದ್ದೇನೆಯೇ, ಬೀಗ ಹಾಕಿದ್ದೇನೆಯೇ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬಂದವನು ನಾನು. ನನ್ನ ಮನೆಯ ಸೂರಿಗೇ ಜೆಸಿಬಿ ಬರುವ ಮಾತದು. ಹಿಂದೆ ನಿಂತಿದ್ದ ಹೆಂಡತಿಯ ಉಸಿರು ಕೇಳಿಸಿತು.

"ಹೊಡೀಲಿ," ಎಂದೆ.

ಧ್ವನಿ ಸ್ವಲ್ಪ ಜೋರೇ ಆಗಿತ್ತು. ಮೇಲೆ ಒಂದೆರಡು ಬಾಗಿಲು ತೆರೆದ ಸದ್ದಾಯಿತು. ಯಾರೂ ಕೆಳಗೆ ಬರಲಿಲ್ಲ. ಮಾಲೀಕರು ನನ್ನ ಮುಖ ನೋಡಿದರು, ಪ್ಲಾಸ್ಟರು ನೋಡಿದರು. ಈ ಮನುಷ್ಯನಿಗೆ ತಲೆಗೂ ಪೆಟ್ಟಾಗಿದೆಯೇನೋ ಎಂಬಂತೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಏನಮ್ಮಾ, ಇವ್ರು ಹಿಂಗಂತಾರೆ?"

"ಅವರು ಬರೆದ್ರೆ ನಾನೂ ಸಹಿ ಹಾಕ್ತೀನಿ ಅಣ್ಣ," ಎಂದಳು.

ಪೇಪರು ಮಡಚಿದರು. ಪರೀಕ್ಷೆ ಮುಗಿಯುವವರೆಗೆ ಎಂದರು. ಅದರ ಮೇಲೆ ಒಂದು ದಿನವೂ ಇಲ್ಲ ಎಂದರು. ನಮಗೂ ಬೇರೆ ಮನೆ ನೋಡಿಕೊಳ್ಳುವುದು ಒಳ್ಳೆಯದು ಎಂದು, ತೀರಾ ಮರ್ಯಾದೆಯಿಂದಲೇ, ಸೇರಿಸಿದರು.

ಐವತ್ತೊಂದು ಮೆಟ್ಟಿಲು ಹತ್ತಲಾರದೆ ನಾನು ಅಲ್ಲೇ ಕಾಂಪೌಂಡಿನಲ್ಲಿ ಕೂತೆ. ಹುಡುಗಿಯ ತಾಯಿ ಕೆಲಸಕ್ಕೆ ಹೊರಟು ಬುತ್ತಿ ಹಿಡಿದು ಬಂದಳು. ಪರೀಕ್ಷೆಯವರೆಗೆ ಇರಬಹುದು ಎಂದು ತಿಳಿಸಿದೆ. ನಡೆದದ್ದನ್ನೂ ಹೇಳಿದೆ. 'ಹೊಡೀಲಿ' ಎಂದದ್ದನ್ನು ಸ್ವಲ್ಪ ಒತ್ತಿಯೇ ಹೇಳಿದೆ.

"ಪರೀಕ್ಷಿ ಆದಮ್ಯಾಲ?"

"ಆಮೇಲೆ... ಗೊತ್ತಿಲ್ಲಮ್ಮ. ಹುಡುಕಬೇಕು."

"ಆತು," ಎಂದಳು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಯಾಕೆ ನೋಡುತ್ತಿದ್ದೇನೆ ಎಂದು ನನಗೇ ತಿಳಿಯುವ ಮೊದಲು ಅವಳಿಗೆ ತಿಳಿಯಿತು. ನಾನು ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದೆ. ನಾನೇ ಕಳೆಯಹೊರಟ ರೂಮನ್ನು ಮೂರು ತಿಂಗಳಿಗೆ ಉಳಿಸಿ, ಅದಕ್ಕೆ ಉಪಕಾರವಾಯಿತು ಎನ್ನಿಸಿಕೊಳ್ಳಲು ಬಾಯಿಬಿಟ್ಟುಕೊಂಡು ಕೂತಿದ್ದೆ. ಇಷ್ಟು ಸಲ ನನ್ನನ್ನು ಹೊತ್ತವರು ಒಂದು ಸಲವೂ ಹೀಗೆ ನನ್ನ ಮುಖ ನೋಡುತ್ತಾ ನಿಂತಿರಲಿಲ್ಲ.

"ಇನ್ನೇನಾರ ಅದೇನ್ರಿ?" ಎಂದು ಕೇಳಿದಳು.

"ಏನೂ ಇಲ್ಲಮ್ಮ."

ಅಣ್ಣ ತಮ್ಮಂದಿರನ್ನು ಕೂಗಿ, "ಸಾಹೇಬ್ರಿಗಿ ಮ್ಯಾಲ ಬಿಟ್ಟು ಬರ್ರಿ, ಹೊತ್ತಾತು" ಎಂದು ಹೇಳಿ, ಅವರಿಗೆ ಕಾಯದೆ ಗೇಟು ದಾಟಿ ಹೋದಳು.